‘ನಿಷ್ಠಾವಂತ ಬಂಡಾಯ ಅಭ್ಯರ್ಥಿ’: ಈ ಪ್ರಯೋಗ ಸರಿಯೇ?

ವಿಜಯಪುರದ ಒಂದು ಪತ್ರಿಕೆಯಲ್ಲಿ ಕರಡು ತಿದ್ದುವುದು ನನ್ನ ಕೆಲಸ. ಹಿಂದೊಮ್ಮೆ ಪುರಸಭೆ ಚುನಾವಣೆಯ ಹೊತ್ತಿನಲ್ಲಿ ತಾಲ್ಲೂಕಿನ ವರದಿಗಾರರೊಬ್ಬರು ಕಳಿಸಿದ ಸುದ್ದಿಯಲ್ಲಿ ಹೀಗಿತ್ತು: ‘ಪಕ್ಷದ ನಿಷ್ಠಾವಂತ ಕಾರ್ಯಕರ್ತರಾದ ಇವರು ಬಂಡಾಯ ಅಭ್ಯರ್ಥಿಯಾಗಿ ನಾಮಪತ್ರ ಸಲ್ಲಿಸಿದರು.’ ನಿಷ್ಠೆಯೂ ಬಂಡಾಯವೂ ಒಂದೇ ವಾಕ್ಯದಲ್ಲಿ ಹೇಗೆ ಕೂರುತ್ತವೆ ಎಂದುಕೊಂಡು ‘ನಿಷ್ಠಾವಂತ’ವನ್ನು ಹೊಡೆದುಹಾಕಿದೆ. ರಾತ್ರಿ ಹತ್ತೂವರೆಗೆ ಆ ವರದಿಗಾರರ ಫೋನ್ ಬಂತು. ‘ಸರ್, ಇಪ್ಪತ್ತೆರಡು ವರ್ಷ ಬ್ಯಾನರ್ ಕಟ್ಟಿದ ಮನುಷ್ಯ. ಟಿಕೆಟ್ ಅವರು ಕಿತ್ತುಕೊಂಡರು, ನಿಷ್ಠೆಯನ್ನು ನೀವು ಕಿತ್ತುಕೊಂಡಿರಿ’ ಎಂದರು. ಪುಟ ಅಚ್ಚಿಗೆ ಹೋಗಿಯಾಗಿತ್ತು. ಆದರೆ ಆ ಮಾತು ನನ್ನನ್ನು ಬಿಟ್ಟಿಲ್ಲ.

ಅಂದಿನಿಂದ ಈ ಪದ ಎಲ್ಲೆಲ್ಲಿ ಬೀಳುತ್ತದೆ ಎಂದು ನೋಡುತ್ತಾ ಬಂದಿದ್ದೇನೆ. ಟಿಕೆಟ್ ಸಿಕ್ಕವರನ್ನು ನಮ್ಮ ಪತ್ರಿಕೆಗಳು ನಿಷ್ಠಾವಂತ ಎನ್ನುವುದು ಅಪರೂಪ. ಅವರು ‘ಅಧಿಕೃತ ಅಭ್ಯರ್ಥಿ’. ನಿಷ್ಠಾವಂತ ಎಂಬ ಬಿರುದು ಬರುವುದು ಟಿಕೆಟ್ ತಪ್ಪಿದವರಿಗೆ, ನಿಗಮ ಮಂಡಳಿಯ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ, ನಾಳೆ ಬೆಳಗ್ಗೆ ಬೇರೆ ಪಕ್ಷದ ಶಾಲು ಹೊದ್ದುಕೊಳ್ಳಲಿರುವವರಿಗೆ. ಪದಕೋಶದ ಅರ್ಥ ಏನೇ ಇರಲಿ, ಬಳಕೆಯಲ್ಲಿ ಅದು ಬಾಕಿ ಕೇಳುವ ಪದವಾಗಿದೆ.

ಮೂಲಕ್ಕೆ ಹೋದರೆ ಅದರಲ್ಲಿ ಬಾಕಿಯ ಸುಳಿವೇ ಇಲ್ಲ. ನಿಷ್ಠೆ ಎಂದರೆ ನೆಲೆನಿಲ್ಲುವುದು. ಆದ್ದರಿಂದಲೇ ‘ಗುರುವಿನಲ್ಲಿ ನಿಷ್ಠೆ’, ‘ಲಿಂಗದಲ್ಲಿ ನಿಷ್ಠೆ’ ಎಂದು ಸಪ್ತಮಿಯಲ್ಲಿ ಹೇಳುವುದು ರೂಢಿ. ಬಸವನಬಾಗೇವಾಡಿಯೂ ಕೂಡಲಸಂಗಮವೂ ಇರುವ ಸೀಮೆ ನಮ್ಮದು. ಶರಣರ ಸಾಧನೆಯ ಆರು ಮೆಟ್ಟಿಲುಗಳಾದ ಷಟ್‌ಸ್ಥಲದಲ್ಲಿ ಎರಡನೆಯದಾದ ಮಹೇಶ ಸ್ಥಲದ ಭಕ್ತಿಗೆ ನಿಷ್ಠಾಭಕ್ತಿ ಎಂದೇ ಹೆಸರು. ಒಂದನ್ನು ಹಿಡಿದ ಮೇಲೆ ಮತ್ತೊಂದರ ಕಡೆ ಕಣ್ಣೆತ್ತಿಯೂ ನೋಡದ ಭಕ್ತಿ ಅದು. ಇಂಥ ಪದವನ್ನು ತಂದು ‘ಪಕ್ಷಕ್ಕೆ ನಿಷ್ಠರಾಗಿದ್ದರೂ ಸ್ಥಾನಮಾನ ಸಿಗಲಿಲ್ಲ’ ಎಂದು ಚತುರ್ಥಿಯಲ್ಲಿ ಬರೆಯುತ್ತೇವೆ. ನಿಲ್ಲುವ ಪದ ಕೊಡುವ ಪದವಾಯಿತು, ಕೊಟ್ಟ ಮೇಲೆ ಲೆಕ್ಕವೂ ಹುಟ್ಟಿತು. ವಿಭಕ್ತಿ ಬದಲಾದದ್ದರಿಂದಲೇ ಅರ್ಥ ಬದಲಾಯಿತು ಎಂದು ನಾನು ವಾದಿಸುವುದಿಲ್ಲ. ಎರಡೂ ಜೊತೆಯಾಗಿ ನಡೆದಿವೆ ಎಂಬುದಷ್ಟೇ ನನ್ನ ಗಮನ.

ಇನ್ನೊಂದು ತೊಡಕೂ ಇದೆ. ನಮ್ಮ ರಾಜಕೀಯದಲ್ಲಿ ನಿಜವಾದ ನಂಟು ಇರುವುದು ನಾಯಕರ ಜೊತೆಗೆ. ಅದನ್ನು ‘ವ್ಯಕ್ತಿನಿಷ್ಠೆ’ ಎನ್ನೋಣವೆಂದರೆ, ವ್ಯಕ್ತಿನಿಷ್ಠ, ವಸ್ತುನಿಷ್ಠ ಎಂಬ ಜೋಡಿಯನ್ನು ವಿಮರ್ಶಕರು ಬಹಳ ಹಿಂದೆಯೇ ಬೇರೆ ಅರ್ಥದಲ್ಲಿ ಹಿಡಿದಿಟ್ಟುಕೊಂಡಿದ್ದಾರೆ. ಹಾಗಾಗಿ ವರದಿಗಾರರು ‘ಕಟ್ಟಾ ಬೆಂಬಲಿಗ’, ‘ಪರಮಾಪ್ತ’, ‘ಅವರ ಬಣ, ಇವರ ಬಣ’ ಎಂದು ಸುತ್ತು ಹೊಡೆಯುತ್ತಾರೆ.

ಜನ ಸುತ್ತು ಹೊಡೆಯುವುದಿಲ್ಲ. ಅವರಿಗೆ ‘ನಿಯತ್ತು’ ಇದೆ. ಅರಬಿಯಿಂದ ಉರ್ದುವಿನ ದಾರಿಯಲ್ಲಿ ಬಂದ ಪದ. ಅಲ್ಲಿ ಅದಕ್ಕೆ ಉದ್ದೇಶ, ಮನದ ಸಂಕಲ್ಪ ಎಂಬ ಅರ್ಥ. ಕನ್ನಡದಲ್ಲಿ ಅದು ಪ್ರಾಮಾಣಿಕತೆಯಾಗಿ, ಉಪ್ಪಿನ ಋಣವಾಗಿ ಬೆಳೆದಿದೆ. ಸಂಬಳ ಕೊಟ್ಟವರಿಗೆ ನಿಯತ್ತಿನಿಂದ ದುಡಿಯಬೇಕು, ನಾಯಿಗೆ ಇರುವ ನಿಯತ್ತು ಮನುಷ್ಯನಿಗಿಲ್ಲ ಎನ್ನುತ್ತೇವೆ. ಎರಡು ಕಡೆಯೂ ಬಾಧ್ಯತೆ ಇದ್ದಲ್ಲಿ ಮಾತ್ರ ಈ ಪದ ಒಪ್ಪುತ್ತದೆ: ಉಣಬಡಿಸಿದವರು ಒಬ್ಬರು, ಉಂಡವರು ಒಬ್ಬರು. ನಮ್ಮ ಮೇಲ್ಮುದ್ದೆಯ, ಅಂದರೆ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಉಂಡು ಅಂಗಾತ ಮಲಗಿದರೆ ಕಣ್ಣಿಗೆ ಬೀಳುವುದು ಮಾಳಿಗೆ ಹೊತ್ತ ಮರದ ಜಂತಿಗಳ ಸಾಲು. ಉಂಡ ಮನೆಯ ಜಂತಿ ಎಣಿಸಬಾರದು ಎಂಬ ಗಾದೆ ಹುಟ್ಟಿದ್ದು ಅಂಥ ಮನೆಯಲ್ಲೇ ಇರಬೇಕು. ಎಣಿಸುವವನು ಕೈಯೆತ್ತಿ ಯಾರನ್ನೂ ಹೊಡೆದಿಲ್ಲ, ಸುಮ್ಮನೆ ಮಲಗಿದ್ದಾನೆ; ಆದರೂ ಮನೆಯವರಿಗೆ ಗೊತ್ತಾಗುತ್ತದೆ. ಪಕ್ಷದೊಳಗಿನ ಭಿನ್ನಮತದ ಬಗ್ಗೆ ಇದಕ್ಕಿಂತ ನಿಖರವಾದ ಮಾತನ್ನು ನಾನು ಕೇಳಿಲ್ಲ.

ಇದೇ ಅರ್ಥಕ್ಕೆ ಹಳಗನ್ನಡದಲ್ಲಿ ‘ಜೋಳವಾಳಿ’ ಎಂಬ ಪದವಿತ್ತು. ಒಡೆಯನ ಜೋಳ ಉಂಡ ಋಣಕ್ಕೆ ಅವನಿಗಾಗಿ ಪ್ರಾಣ ಕೊಡುವ ಬಾಧ್ಯತೆ. ವರ್ಷವಿಡೀ ಬಿಳಿಜೋಳದ ರೊಟ್ಟಿ ತಿನ್ನುವ ನಮಗೆ ಇದಕ್ಕೆ ಟಿಪ್ಪಣಿ ಬೇಕಿಲ್ಲ. ಜೋಳವಾಳಿ ಮರೆಯಾದ ಜಾಗದಲ್ಲಿ ನಿಯತ್ತು ಬಂದು ಕುಳಿತಿದೆ ಎಂದು ನನಗೆ ತೋರುತ್ತದೆ. ಹಾಗಾದರೆ ಬ್ಯಾನರ್ ಕಟ್ಟಿದ ಆ ಮನುಷ್ಯ ಕೇಳಿದ್ದು ನಿಷ್ಠೆಯ ಮಾತನ್ನಲ್ಲ. ಜೋಳ ಹಾಕದೆ ಜೋಳವಾಳಿ ಕೇಳಿದರಲ್ಲ ಎಂಬುದು ಅವರ ತಕರಾರು.

ನಿಷ್ಠೆ ಎಂಬ ಪದಕ್ಕೆ ನಿಜಕ್ಕೂ ಹೊಂದುವ ಉದಾಹರಣೆಗಳು ನಮ್ಮಲ್ಲಿ ಇಲ್ಲವೆಂದಲ್ಲ. 1962ರಲ್ಲಿ ನಿಜಲಿಂಗಪ್ಪನವರು ಚುನಾವಣೆಯಲ್ಲಿ ಸೋತಾಗ ಹುನಗುಂದದ ಎಸ್.ಆರ್. ಕಂಠಿಯವರು ಮುಖ್ಯಮಂತ್ರಿಯಾದರು, ಮಾರ್ಚ್‌ನಲ್ಲಿ ಕುರ್ಚಿ ಹತ್ತಿ ಜೂನ್‌ನಲ್ಲಿ ಅದನ್ನು ನಿಜಲಿಂಗಪ್ಪನವರಿಗೆ ಬಿಟ್ಟು ಇಳಿದರು. ಬಾಗಲಕೋಟೆ ಕಡೆಯ ಹಿರಿಯರು ಈ ಸಂಗತಿ ಹೇಳುವಾಗ ‘ಪಕ್ಷನಿಷ್ಠೆ’ ಎಂದದ್ದನ್ನು ನಾನು ಕೇಳಿಲ್ಲ. ಭರತನ ಹೆಸರು ತೆಗೆಯುತ್ತಾರೆ, ಇಲ್ಲವೇ ‘ಮಾತಿನ ಮನುಷ್ಯ’ ಎಂದು ಮುಗಿಸುತ್ತಾರೆ.

ಜಗಳದ ಪದಗಳ ಪಾಡು ಬೇರೆ. 2019ರ ಜುಲೈನಲ್ಲಿ ‘ಅತೃಪ್ತ’ರಾಗಿದ್ದ ಶಾಸಕರು ಸಭಾಧ್ಯಕ್ಷರ ಆದೇಶದ ನಂತರ ‘ಅನರ್ಹ’ರಾದರು, ಹದಿನೇಳು ಮಂದಿ, ಬೆಳಗಾವಿ ಜಿಲ್ಲೆಯ ಗೋಕಾಕ, ಅಥಣಿ, ಕಾಗವಾಡದವರೂ ಸೇರಿ. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಈ ಮೂರೂ ಕ್ಷೇತ್ರಗಳಲ್ಲಿ ಬಿಜೆಪಿಯಿಂದ ಗೆದ್ದ ಬಳಿಕ ‘ವಲಸಿಗ’ರಾದರು. ಆರು ತಿಂಗಳೊಳಗೆ ಒಬ್ಬರಿಗೇ ಮೂರು ವಿಶೇಷಣ, ಅದರಲ್ಲಿ ಒಂದನ್ನೂ ಅವರು ತಾವಾಗಿ ಆರಿಸಿಕೊಂಡದ್ದಲ್ಲ. ಈ ‘ವಲಸಿಗ’ ನನಗೆ ಕಿರಿಕಿರಿಯ ಪದ. ‘ಮೂಲ–ವಲಸಿಗ ತಿಕ್ಕಾಟ’ ಎಂಬ ತಲೆಬರಹದ ಕೆಳಗೇ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದ ‘ವಲಸಿಗ’ ಕೂಲಿಗಳ ಸುದ್ದಿ ಬಂದರೆ ಏನು ಮಾಡುವುದು? ನಾನು ಎರಡನೆಯದನ್ನು ‘ಗುಳೆ ಹೋದವರು’ ಎಂದು ತಿದ್ದುತ್ತೇನೆ. ಹೊಟ್ಟೆಪಾಡಿಗೆ ಹೋದವರಿಗೆ ಅಷ್ಟಾದರೂ ಬೇರೆ ಪದ ಇರಲಿ.

‘ಬಂಡಾಯ’ದ್ದೂ ಅದೇ ಕಥೆ. 1858ರಲ್ಲಿ ನರಗುಂದ ಬ್ರಿಟಿಷರ ವಿರುದ್ಧ ಎದ್ದದ್ದು, 1980ರಲ್ಲಿ ಅದೇ ನರಗುಂದ, ನವಲಗುಂದಗಳಲ್ಲಿ ರೈತರು ಎದ್ದದ್ದು, ಪುರಸಭೆಯ ಒಂದು ವಾರ್ಡಿನ ಟಿಕೆಟ್ ತಪ್ಪಿದ್ದು, ಎಲ್ಲವೂ ಬಂಡಾಯವೇ. ಬೆಳಗಾವಿಯ ಮರಾಠಿ ಓದುಗರು ಇಂಥ ಅಭ್ಯರ್ಥಿಯನ್ನು ‘ಬಂಡಖೋರ’ ಎನ್ನುತ್ತಾರೆ. ಆ ‘ಖೋರ’ದಲ್ಲಿ ಸ್ವಲ್ಪ ಬೈಗುಳವೂ ಸೇರಿದೆ. ನಮ್ಮ ಪದದಲ್ಲಿ ಬೈಗುಳವಿಲ್ಲ, ಹಳೆಯ ಗೌರವವೇ ಉಳಿದಿದೆ. ಅಭ್ಯರ್ಥಿಗಳು ಅದನ್ನು ಸಂತೋಷದಿಂದ ಹಚ್ಚಿಕೊಳ್ಳುವುದಕ್ಕೆ ಅದೂ ಒಂದು ಕಾರಣವಿದ್ದೀತು.

ಕೊನೆಯದು ‘ಉಚ್ಚಾಟನೆ’. 2025ರ ಮಾರ್ಚ್‌ನಲ್ಲಿ ನಮ್ಮೂರಿನ ಶಾಸಕ ಬಸನಗೌಡ ಪಾಟೀಲ ಯತ್ನಾಳ ಅವರನ್ನು ಬಿಜೆಪಿ ಆರು ವರ್ಷಗಳ ಕಾಲ ಪಕ್ಷದಿಂದ ಹೊರಹಾಕಿದಾಗ ತಲೆಬರಹದಲ್ಲಿ ಈ ಪದವನ್ನು ದಪ್ಪಕ್ಷರದಲ್ಲಿ ಕೂರಿಸಿದವನು ನಾನೇ. ಆಮೇಲೆ ನೆನಪಾಯಿತು: ಇದು ಮಾಟಮಂತ್ರದ ಪದ. ಶಾಂತಿ, ವಶೀಕರಣ, ಸ್ತಂಭನ, ವಿದ್ವೇಷಣ, ಉಚ್ಚಾಟನ, ಮಾರಣ ಎಂದು ತಂತ್ರಶಾಸ್ತ್ರದ ಆರು ಕರ್ಮಗಳಲ್ಲಿ ಐದನೆಯದು. ಉಳಿದ ಐದನ್ನು ರಾಜಕೀಯ ಪುಟಕ್ಕೆ ಯಾರೂ ಏಕೆ ತರಲಿಲ್ಲವೋ ತಿಳಿಯದು. ಮುನಿದವರ ಮನೆಗೆ ವರಿಷ್ಠರು ಹೋಗಿ ಉಪಾಹಾರ ಮಾಡಿ ಬರುವುದಕ್ಕೆ ‘ವಶೀಕರಣ’ ಎಂದರೆ ‘ಭಿನ್ನಮತ ಶಮನ’ಕ್ಕಿಂತ ಸರಿಯಾಗಿಯೇ ಇರುತ್ತಿತ್ತು.

ಈಗ ಕೇಳಬೇಕಾದದ್ದು. ‘ನಿಯತ್ತು’ ಪದವನ್ನು ಸುದ್ದಿಯ ಬರಹದಲ್ಲಿ, ಉದ್ಧರಣ ಚಿಹ್ನೆಯಿಲ್ಲದೆ ಬಳಸಬಹುದೇ? ನಮ್ಮ ಸಂಪಾದಕರು ಅದು ಆಡುಮಾತು ಎನ್ನುತ್ತಾರೆ. ತಕರಾರು, ವಕೀಲ, ಜಮೀನು ಎಲ್ಲ ಒಳಗೆ ಬಂದು ಕೂತಿರುವಾಗ ನಿಯತ್ತನ್ನು ಮಾತ್ರ ಬಾಗಿಲಲ್ಲಿ ನಿಲ್ಲಿಸುವುದೇಕೆ ಎಂಬುದು ನನ್ನ ವಾದ. ಮೈಸೂರು, ಮಂಗಳೂರು ಕಡೆಯವರು ಇದನ್ನು ಇದೇ ಅರ್ಥದಲ್ಲಿ ಬಳಸುತ್ತಾರೆಯೇ? ಜೊತೆಗೆ ಒಂದು ಸಣ್ಣ ಸಂಶಯ: ಪಕ್ಷದೊಳಗಿದ್ದೇ ಸೋಲಿಸುವುದಕ್ಕೆ ‘ಒಳಏಟು’ ಎಂದು ಸಂಧಿ ಮಾಡದೆ ಅಚ್ಚು ಹಾಕುತ್ತಿದ್ದೇವೆ. ‘ಒಳಯೇಟು’ ಸರಿಯೋ, ‘ಒಳೇಟು’ ಸರಿಯೋ? ನಮ್ಮ ವರದಿಗಾರರಂತೂ ಎರಡನ್ನೂ ಬಿಟ್ಟು ‘ಒಳಹೊಡೆತ’ ಎಂದು ಬರೆಯುತ್ತಾರೆ, ಅದನ್ನು ನಾನು ಈವರೆಗೆ ತಿದ್ದಿಲ್ಲ.