ಕ್ಯಾಲಿಫೋರ್ನಿಯಾ ಸಿ-20 ಲೈಸೆನ್ಸ್: ಬೆಂಗಳೂರಿನ ಎ.ಸಿ. ಅನುಭವ ಲೆಕ್ಕಕ್ಕೆ ಬರುತ್ತಾ?

ಹಾಸನ_ಹುಡುಗ

ಎಲ್ಲರಿಗೂ ನಮಸ್ಕಾರ. ಐಟಿಐನಲ್ಲಿ ಎಂಆರ್‌ಎಸಿ (ಫ್ರಿಜ್, ಎ.ಸಿ. ಮೆಕ್ಯಾನಿಕ್) ಟ್ರೇಡ್ ಮುಗಿಸಿದ್ದೇನೆ. 2018ರ ಜೂನ್‌ನಿಂದ 3 ವರ್ಷ ಬೆಂಗಳೂರಿನಲ್ಲಿ ಸ್ಪ್ಲಿಟ್, ಕ್ಯಾಸೆಟ್, ವಿಆರ್‌ಎಫ್ (ಒಂದೇ ಹೊರಯಂತ್ರಕ್ಕೆ ಹಲವು ಒಳಯಂತ್ರ) ಫಿಟ್ಟಿಂಗ್ ಮತ್ತು ಸರ್ವಿಸ್. ಈಗ ಸ್ಯಾನ್ ಹೋಸೆಯಲ್ಲಿ ಒಬ್ಬ ಸಿ-20 (ಬಿಸಿಗಾಳಿ, ವಾತಾಯನ, ಎ.ಸಿ. ಕೆಲಸದ ಲೈಸೆನ್ಸ್) ಕಾಂಟ್ರ್ಯಾಕ್ಟರ್ ಹತ್ತಿರ 28 ತಿಂಗಳು, ಅದರಲ್ಲಿ ಮೊದಲ 10 ತಿಂಗಳು ಹೆಲ್ಪರ್. ಇಪಿಎ 608 ಯೂನಿವರ್ಸಲ್ (ಎ.ಸಿ. ಗ್ಯಾಸ್ ಬಳಸೋಕೆ ಬೇಕಾದ ಅಮೆರಿಕದ ಪ್ರಮಾಣಪತ್ರ) ಪಾಸಾಗಿದೆ. ಗ್ರೀನ್ ಕಾರ್ಡ್ ಇದೆ.

ಸ್ವಂತಕ್ಕೆ ಲೈಸೆನ್ಸ್ ಮಾಡಿಸಬೇಕು. ಬೆಂಗಳೂರಿನ 3 ವರ್ಷವನ್ನು ಬೋರ್ಡ್ ಒಪ್ಪುತ್ತಾ? ಒಪ್ಪಿಸೋಕೆ ಏನೇನು ಕಾಗದ ಬೇಕು? ಒಟ್ಟು ಖರ್ಚು ಎಷ್ಟಾಗಬಹುದು? ಪರೀಕ್ಷೆಗೆ ಏನು ಓದಬೇಕು?

---

ಅರ್ಜಿ_ಗೀತಕ್ಕ

ಮೊದಲು ತಿಂಗಳ ಲೆಕ್ಕ. ಸಿಎಸ್‌ಎಲ್‌ಬಿ (ಕ್ಯಾಲಿಫೋರ್ನಿಯಾದಲ್ಲಿ ಕಾಂಟ್ರ್ಯಾಕ್ಟರ್ ಲೈಸೆನ್ಸ್ ಕೊಡುವ ಬೋರ್ಡ್) ಕೇಳೋದು 4 ವರ್ಷದ ಪೂರ್ಣಾವಧಿ ಅನುಭವ, ಅದೂ ಜರ್ನಿಮನ್ ಮಟ್ಟದ್ದು. ಅಂದರೆ ಪಕ್ಕದಲ್ಲಿ ಯಾರೂ ನಿಂತು ಹೇಳಿಕೊಡದೆ ಕೆಲಸವನ್ನು ನೀವೇ ಪೂರ್ತಿ ಮುಗಿಸುತ್ತಿದ್ದ ಕಾಲ. ಹೆಲ್ಪರ್ ಆಗಿದ್ದ 10 ತಿಂಗಳನ್ನು ಮರೆತುಬಿಡಿ. ಇಲ್ಲಿಯದು 18 ತಿಂಗಳು ಉಳಿಯಿತು, ಬೇಕಿರೋದು 48. ಉಳಿದ 30 ತಿಂಗಳನ್ನು ಬೆಂಗಳೂರೇ ತುಂಬಿಕೊಡಬೇಕು.

ಅನುಭವ ಕ್ಯಾಲಿಫೋರ್ನಿಯಾದಲ್ಲೇ ಆಗಿರಬೇಕು ಅಂತ ನಿಯಮ ಇಲ್ಲ. ಆದರೆ ಅರ್ಜಿ ಕೊಟ್ಟ ದಿನದಿಂದ ಹಿಂದಕ್ಕೆ 10 ವರ್ಷದೊಳಗೆ ಬಿದ್ದಿರಬೇಕು. 2028ರ ಜೂನ್ ದಾಟಿದರೆ ನಿಮ್ಮ 2018ರ ತಿಂಗಳುಗಳು ಒಂದೊಂದಾಗಿ ಉದುರೋಕೆ ಶುರು. ಹಾಗಾಗಿ ತಡಮಾಡಬೇಡಿ.

ಅರ್ಜಿಯ ಜೊತೆ ಹೋಗುವ ಅನುಭವ ದೃಢೀಕರಣ ಫಾರಂ ಇದೆಯಲ್ಲ, ಎಲ್ಲ ನಿಂತಿರೋದು ಅದರ ಮೇಲೆ. ಪ್ರತಿ ಕಂಪನಿಗೆ ಬೇರೆ ಬೇರೆ ಫಾರಂ. ಸಹಿ ಮಾಡುವವರು ನಿಮ್ಮ ಕೆಲಸವನ್ನು ಕಣ್ಣಾರೆ ಕಂಡವರಾಗಿರಬೇಕು, ಸುಳ್ಳಾದರೆ ಶಿಕ್ಷೆಗೆ ಒಳಪಟ್ಟೇ ಸಹಿ ಹಾಕುತ್ತಾರೆ. ಬಹಳ ಜನ ಕೆಲಸದ ವಿವರದ ಜಾಗದಲ್ಲಿ "ಎ.ಸಿ. ಇನ್‌ಸ್ಟಾಲೇಶನ್ ಅಂಡ್ ಸರ್ವಿಸ್" ಅಂತ ಒಂದು ಸಾಲು ಬರೆದು ಕಳಿಸುತ್ತಾರೆ, ಅದು ವಾಪಸ್ ಬರುತ್ತೆ. ಹೀಗೆ ಬರೆಸಿ: ತಾಮ್ರದ ಪೈಪು ಎಳೆದು ನೈಟ್ರೋಜನ್ ಹರಿಸುತ್ತಾ ಬ್ರೇಜಿಂಗ್, ಪ್ರೆಶರ್ ಟೆಸ್ಟ್, ವ್ಯಾಕ್ಯೂಮ್, ಗ್ಯಾಸ್ ಚಾರ್ಜಿಂಗ್, ಡಕ್ಟ್ ಅಳತೆ ಮತ್ತು ಜೋಡಣೆ, ಕಂಟ್ರೋಲ್ ವೈರಿಂಗ್, ಕಮಿಷನಿಂಗ್, ಕಂಪ್ರೆಸರ್ ಬದಲಾವಣೆ. ಮಾಡಿದ್ದನ್ನು ಮಾತ್ರ ಬರೆಸಿ.

ಅರ್ಜಿಗಳಲ್ಲಿ ಕನಿಷ್ಠ ಶೇ. 3ರಷ್ಟನ್ನು ಬೋರ್ಡ್ ಹೆಕ್ಕಿ ತನಿಖೆ ಮಾಡಲೇಬೇಕು ಅಂತ ಕಾನೂನಿದೆ. ಹೊರದೇಶದ ಅನುಭವ ತೋರಿಸುವವರು ತನಿಖೆ ಬಂದೇ ಬರುತ್ತೆ ಅಂದುಕೊಂಡು ಕಾಗದ ಜೋಡಿಸಿಟ್ಟುಕೊಳ್ಳೋದು ಒಳ್ಳೆಯದು. ಇಲ್ಲಿಯದಕ್ಕೆ ಡಬ್ಲ್ಯೂ-2 (ಮಾಲೀಕರು ಕೊಡುವ ವರ್ಷದ ಸಂಬಳ-ತೆರಿಗೆ ಪತ್ರ) ಮತ್ತು ಪೇ ಸ್ಟಬ್ (ಸಂಬಳದ ಚೀಟಿ) ಸಾಕು. ಬೆಂಗಳೂರಿನದಕ್ಕೆ ನೇಮಕಾತಿ ಪತ್ರ, ರಿಲೀವಿಂಗ್ ಲೆಟರ್, ಫಾರಂ 16, ಸಂಬಳ ಬಿದ್ದ ಬ್ಯಾಂಕ್ ಸ್ಟೇಟ್‌ಮೆಂಟ್. ಇವೆಲ್ಲಕ್ಕಿಂತ ಗಟ್ಟಿ ಪುರಾವೆ ಪಿಎಫ್ ಪಾಸ್‌ಬುಕ್: ಯುಎಎನ್ ಹಾಕಿ ಇಪಿಎಫ್‌ಒ ಜಾಲತಾಣದಿಂದ ಇಳಿಸಿಕೊಂಡರೆ ಕಂಪನಿಯ ಹೆಸರು, ತಿಂಗಳು ತಿಂಗಳ ಜಮೆ ಎಲ್ಲ ಒಂದೇ ಕಡೆ ಸಿಗುತ್ತೆ. ಕನ್ನಡದಲ್ಲಿರುವ ಕಾಗದಕ್ಕೆ ಇಂಗ್ಲಿಷ್ ಅನುವಾದ ಜೋಡಿಸಿ. ಸಹಿ ಮಾಡಿದ ಬೆಂಗಳೂರಿನ ಸೂಪರ್‌ವೈಸರ್ ಫೋನ್ ಎತ್ತುವವರಾಗಿರಲಿ, ನಂಬರ್ ಬದಲಾಗಿದ್ದರೆ ಫಾರಂ ಇದ್ದೂ ಇಲ್ಲದಂತೆ.

ಐಟಿಐಗೂ ಸ್ವಲ್ಪ ಬೆಲೆ ಇದೆ. ತರಬೇತಿ, ಓದಿಗೆ ಗರಿಷ್ಠ 3 ವರ್ಷದವರೆಗೆ ರಿಯಾಯಿತಿ ಕೊಡಬಹುದು. ಎಷ್ಟು ಅನ್ನೋದು ಬೋರ್ಡ್ ತೀರ್ಮಾನ. ಅಂಕಪಟ್ಟಿಯನ್ನು ಇಲ್ಲಿನ ಮೌಲ್ಯಮಾಪನ ಸಂಸ್ಥೆಯಿಂದ ಇವ್ಯಾಲ್ಯುಯೇಟ್ ಮಾಡಿಸಿ ಹಾಕಿ. ಅದೇ ನಿಮ್ಮ ಊರುಗೋಲು ಅಂತ ಕೂರಬೇಡಿ, ಬೆಂಗಳೂರಿನ ಕೆಲವು ತಿಂಗಳು ಕತ್ತರಿ ಬಿದ್ದರೆ ಕೈಹಿಡಿಯಲಿ ಅಂತ ಅಷ್ಟೇ.

ಖರ್ಚು: ಅರ್ಜಿ 450 ಡಾಲರ್. ಪಾಸಾದ ಮೇಲೆ ಲೈಸೆನ್ಸ್ ಶುಲ್ಕ, ಒಬ್ಬರೇ ಮಾಲೀಕರಾದರೆ 200, ಕಾರ್ಪೊರೇಷನ್ ಅಥವಾ ಎಲ್‌ಎಲ್‌ಸಿ ಆದರೆ 350. ಲೈವ್ ಸ್ಕ್ಯಾನ್ ಬೆರಳಚ್ಚಿಗೆ ರಾಜ್ಯದ 32, ಎಫ್‌ಬಿಐ 17, ಮೇಲೆ ಅಂಗಡಿಯವನ ಕೂಲಿ. 25,000 ಡಾಲರಿನ ಕಾಂಟ್ರ್ಯಾಕ್ಟರ್ ಬಾಂಡ್ (ನಿಮ್ಮಿಂದ ನಷ್ಟವಾದವರಿಗೆ ಭರಿಸಿಕೊಡುವ ಖಾತರಿ) ಬೇಕು; ಅಷ್ಟು ಹಣ ಇಡಬೇಕಿಲ್ಲ, ವರ್ಷದ ಪ್ರೀಮಿಯಂ ಕಟ್ಟಿದರಾಯಿತು, ಅದು ನಿಮ್ಮ ಕ್ರೆಡಿಟ್ ಸ್ಕೋರ್ ನೋಡಿ ಏರಿಳಿಯುತ್ತೆ.

ಬಜೆಟ್ ತಲೆಕೆಳಗಾಗೋದು ವರ್ಕರ್ಸ್ ಕಾಂಪೆನ್ಸೇಷನ್ (ಕೆಲಸದಲ್ಲಿ ಗಾಯವಾದರೆ ಪರಿಹಾರ ಕೊಡುವ) ವಿಮೆಯಿಂದ. 2023ರ ಜನವರಿ 1ರಿಂದ ಸಿ-20ಯವರು ಒಬ್ಬ ಆಳೂ ಇಲ್ಲದಿದ್ದರೂ ಈ ಪಾಲಿಸಿ ಇಟ್ಟಿರಲೇಬೇಕು. "ನನಗೆ ಕೆಲಸಗಾರರಿಲ್ಲ" ಅಂತ ವಿನಾಯಿತಿ ಫಾರಂ ತುಂಬಿ ಕಳಿಸಿದರೆ ಲೈಸೆನ್ಸ್ ಹೊರಬರಲ್ಲ. ಮೊದಲೇ ಎರಡು ಮೂರು ಕಡೆ ಕೊಟೇಶನ್ ತಗೊಳ್ಳಿ.

ಎಲ್‌ಎಲ್‌ಸಿ ಆಸೆ ಇದ್ದರೆ ಯೋಚಿಸಿ. ಅದಕ್ಕೆ 25,000ದ ಬಾಂಡ್ ಜೊತೆ ಇನ್ನೊಂದು 1,00,000 ಡಾಲರಿನ ಬಾಂಡ್, ಲಯಬಿಲಿಟಿ ವಿಮೆ ಕಡ್ಡಾಯ. ಶುರುವಿಗೆ ಒಬ್ಬರೇ ಮಾಲೀಕರಾಗಿರೋದೇ ವಾಸಿ. ಆದರೆ ನಾಳೆ ಕಾರ್ಪೊರೇಷನ್ ಮಾಡಿಕೊಂಡರೆ ಹೊಸ ಅರ್ಜಿ ಹಾಕಬೇಕಾಗುತ್ತೆ, ಅದೂ ಗೊತ್ತಿರಲಿ.

---

ಬೀಟಿಯು_ಬಸಣ್ಣ

ಗೀತಕ್ಕ ಕಾಗದದ್ದು ಪೂರ್ತಿ ಹೇಳಿದ್ದಾರೆ. ನಾನು ಪರೀಕ್ಷೆ ಬಗ್ಗೆ.

ಎರಡು ಪೇಪರ್: ಕಾನೂನು-ವ್ಯವಹಾರ ಒಂದು, ಸಿ-20 ಟ್ರೇಡ್ ಇನ್ನೊಂದು. ಎರಡೂ ಪಿಎಸ್‌ಐ ಅನ್ನೋ ಪರೀಕ್ಷಾ ಸಂಸ್ಥೆಯ ಕೇಂದ್ರದ ಕಂಪ್ಯೂಟರಿನಲ್ಲಿ, ಆಯ್ಕೆ ಪ್ರಶ್ನೆ, ಪುಸ್ತಕ ನೋಡುವಂತಿಲ್ಲ. ಅರ್ಜಿ ಸ್ವೀಕಾರವಾದ 18 ತಿಂಗಳೊಳಗೆ ಎರಡೂ ಮುಗಿಸಬೇಕು. ಫೇಲಾದರೆ ಮತ್ತೆ ಕೂರೋಕೆ 100 ಡಾಲರ್. ಇವೆರಡರ ಜೊತೆ ಆಸ್ಬೆಸ್ಟಾಸ್ ಮೇಲೆ ಪುಸ್ತಕ ನೋಡಿ ಬರೆಯುವ ಚಿಕ್ಕ ಪರೀಕ್ಷೆ, ಅದಕ್ಕೆ ಹೆದರಬೇಕಿಲ್ಲ.

ಟ್ರೇಡ್ ಪೇಪರ್‌ನಲ್ಲಿ ತಂಪಿನ ಭಾಗ ನಿಮಗೆ ನೀರು ಕುಡಿದಷ್ಟು ಸುಲಭ. ಬೆಂಗಳೂರಲ್ಲಿ ಕೈ ಪಳಗಿದವರು ಮುಗ್ಗರಿಸೋದು ಫರ್ನೇಸ್ ಮುಂದೆ. ನಮ್ಮೂರಲ್ಲಿ ಮನೆ ಬೆಚ್ಚಗಿಡೋಕೆ ಗ್ಯಾಸ್ ಉರಿಸುವ ಪೆಟ್ಟಿಗೆಯನ್ನೇ ಯಾರೂ ಕಂಡಿಲ್ಲ. ಸಿ-20 ಪಟ್ಟಿಯಲ್ಲಿ ಮೊದಲ ಪದವೇ ಬಿಸಿಗಾಳಿ. ನಿಮ್ಮ 18 ತಿಂಗಳ ಫಾರಂನಲ್ಲೂ ಫರ್ನೇಸ್ ಕೆಲಸ ಎದ್ದು ಕಾಣುವಂತೆ ಬರೆಸಿ, ಬೆಂಗಳೂರಿನ ಫಾರಂನಲ್ಲಿ ಅದು ಬರೋ ಹಾಗಿಲ್ಲವಲ್ಲ.

ಫರ್ನೇಸ್ ಹೊತ್ತಿಕೊಳ್ಳುವ ಕ್ರಮ ಬಾಯಿಪಾಠ ಆಗಲಿ. ಥರ್ಮೋಸ್ಟಾಟ್ 24 ವೋಲ್ಟನ್ನು ಡಬ್ಲ್ಯೂ ತಂತಿಗೆ ಕೊಡುತ್ತೆ, ಹೊಗೆ ಎಳೆಯುವ ಇಂಡ್ಯೂಸರ್ ಫ್ಯಾನ್ ತಿರುಗುತ್ತೆ, ಪ್ರೆಶರ್ ಸ್ವಿಚ್ ಮುಚ್ಚುತ್ತೆ, ಇಗ್ನೈಟರ್ ಕೆಂಪಗಾಗುತ್ತೆ, ಗ್ಯಾಸ್ ವಾಲ್ವ್ ತೆರೆಯುತ್ತೆ, ಫ್ಲೇಮ್ ಸೆನ್ಸರ್ ಜ್ವಾಲೆಯನ್ನು ಮೈಕ್ರೋಆಂಪ್‌ನಲ್ಲಿ ಗುರುತಿಸುತ್ತೆ, ಸ್ವಲ್ಪ ಹೊತ್ತಿನ ನಂತರ ಮನೆಯೊಳಗೆ ಗಾಳಿ ತಳ್ಳುವ ಬ್ಲೋವರ್. ಹೊತ್ತಿ ಕೆಲವೇ ಸೆಕೆಂಡಿಗೆ ಆರಿ, ಮತ್ತೆ ಹೊತ್ತಿ ಆರಿ, ಕೊನೆಗೆ ಲಾಕ್ ಆದರೆ ಮೊದಲು ನೋಡಬೇಕಾದದ್ದು ಸೆನ್ಸರ್ ಕಡ್ಡಿಯ ಮೇಲಿನ ಬಿಳಿ ಪದರ, ಆಮೇಲೆ ಗ್ರೌಂಡ್. ಅದೇ ಹೊತ್ತಿಕೊಂಡು ಚೆನ್ನಾಗಿ ನಡೆದು, ನಡುವೆ ಬರ್ನರ್ ಆರಿ ಬ್ಲೋವರ್ ಮಾತ್ರ ತಿರುಗುತ್ತಿದ್ದರೆ ಲಿಮಿಟ್ ಸ್ವಿಚ್ (ಅತಿ ಬಿಸಿಯಾದರೆ ಬರ್ನರ್ ಆರಿಸುವುದು) ತೆರೆದಿದೆ ಅಂತ: ಫಿಲ್ಟರ್ ಕಟ್ಟಿದೆ, ಇಲ್ಲವೇ ರಿಟರ್ನ್ ಡಕ್ಟ್ ಸಣ್ಣದು.

ಲೆಕ್ಕಕ್ಕೆ ಒಂದೇ ಸೂತ್ರ ಎಲ್ಲ ಕಡೆ ಬರುತ್ತೆ: ಬಿಟಿಯು = 1.08 × ಸಿಎಫ್‌ಎಂ × ಉಷ್ಣಾಂಶದ ವ್ಯತ್ಯಾಸ. ಬಿಟಿಯು ಅಂದರೆ ಗಂಟೆಗೆ ಸಿಗುವ ಶಾಖದ ಅಳತೆ, ಸಿಎಫ್‌ಎಂ ಅಂದರೆ ನಿಮಿಷಕ್ಕೆ ಹರಿಯುವ ಗಾಳಿ, ಘನ ಅಡಿಯಲ್ಲಿ. 80,000 ಬಿಟಿಯು ಇನ್‌ಪುಟ್, ಶೇ. 80 ದಕ್ಷತೆಯ ಫರ್ನೇಸ್ ತಗೊಳ್ಳಿ. ಹೊರಬರೋದು 64,000. ಬ್ಲೋವರ್ 1,200 ಸಿಎಫ್‌ಎಂ ಕೊಟ್ಟರೆ ರೈಸ್ (ಗಾಳಿಯ ಉಷ್ಣಾಂಶ ಏರುವ ಪ್ರಮಾಣ) ಸುಮಾರು 49 ಡಿಗ್ರಿ ಫ್ಯಾರನ್‌ಹೀಟ್. ಯಂತ್ರದ ಪ್ಲೇಟ್ ಮೇಲೆ 40ರಿಂದ 70 ಅಂತ ಇದ್ದರೆ ಸರಿ. ಗಾಳಿ 800ಕ್ಕೆ ಇಳಿದರೆ ರೈಸ್ 74, ಲಿಮಿಟ್ ಹಾರುತ್ತೆ. ನ್ಯಾಚುರಲ್ ಗ್ಯಾಸ್‌ನ ಮ್ಯಾನಿಫೋಲ್ಡ್ (ಬರ್ನರ್‌ಗೆ ಹೋಗುವ ಕೊಳವೆ) ಒತ್ತಡ ಸಾಮಾನ್ಯವಾಗಿ 3.5 ಇಂಚು ನೀರಿನ ಕಂಬ, ಬಿ-ವೆಂಟ್ ಹೊಗೆಕೊಳವೆಗೂ ಮರಕ್ಕೂ ನಡುವೆ 1 ಇಂಚು, ಕಂಡೆನ್ಸೇಟ್ ಪೈಪಿಗೆ ಅಡಿಗೆ 1/8 ಇಂಚು ಇಳಿಜಾರು. ಕೈಪಿಡಿಗಳಲ್ಲಿ ಮ್ಯಾನುಯಲ್ ಜೆ ಮನೆಗೆ ಬೇಕಾದ ಬಿಸಿ-ತಂಪಿನ ಲೋಡ್‌ಗೆ, ಎಸ್ ಯಂತ್ರದ ಆಯ್ಕೆಗೆ, ಡಿ ಡಕ್ಟಿಗೆ.

ಸೆಲ್ಸಿಯಸ್, ಮಿಲಿಮೀಟರ್ ಬಿಟ್ಟು ಫ್ಯಾರನ್‌ಹೀಟ್, ಇಂಚಿನಲ್ಲೇ ಯೋಚನೆ ಮಾಡೋದು ಅಭ್ಯಾಸ ಆಗಲಿ. ಪರೀಕ್ಷೆಯಲ್ಲಿ ಪರಿವರ್ತನೆ ಮಾಡುತ್ತಾ ಕೂತರೆ ಸಮಯ ಕರಗುತ್ತೆ.

ಕಾನೂನು ಪೇಪರನ್ನು ಹಗುರವಾಗಿ ತಗೋಬೇಡಿ. ಮನೆ ಕೆಲಸಕ್ಕೆ ಮುಂಗಡ ಶೇ. 10 ಅಥವಾ 1,000 ಡಾಲರ್, ಯಾವುದು ಕಡಿಮೆಯೋ ಅದು. 14,000ದ ಕೆಲಸಕ್ಕೆ ಉತ್ತರ 1,400 ಅಲ್ಲ, 1,000. ನಮ್ಮ ಕಡೆಯ "ಅರ್ಧ ಈಗ, ಅರ್ಧ ಆಮೇಲೆ" ಇಲ್ಲಿ ಅಪರಾಧ. ಗ್ರಾಹಕರಿಗೆ ಒಪ್ಪಂದ ರದ್ದು ಮಾಡೋಕೆ 3 ಕೆಲಸದ ದಿನ, 65 ದಾಟಿದವರಿಗೆ 5. ಹಣ ಕೊಡದಿದ್ದರೆ ಮೆಕ್ಯಾನಿಕ್ಸ್ ಲೀನ್ (ಬಾಕಿ ಹಣಕ್ಕಾಗಿ ಆ ಆಸ್ತಿಯ ಮೇಲೆ ಹಕ್ಕು) ದಾಖಲಿಸೋಕೆ ಕೆಲಸ ಮುಗಿದು 90 ದಿನ. ಮನೆಯವರು ಮುಕ್ತಾಯದ ನೋಟಿಸ್ ದಾಖಲಿಸಿದ್ದರೆ ನೇರ ಕಾಂಟ್ರ್ಯಾಕ್ಟರ್‌ಗೆ 60.

---

ಹಾಸನ_ಹುಡುಗ

ಗೀತಕ್ಕ, ಬಸಣ್ಣ, ಇಬ್ಬರಿಗೂ ಧನ್ಯವಾದ. ಇನ್ನೆರಡು ಸಂಶಯ. ಈಗಿನ ಮಾಲೀಕರು ಸಹಿ ಹಾಕಲ್ಲ ಅಂತಾರೆ, ನಾನು ಬೇರೆ ಅಂಗಡಿ ತೆರೆಯುತ್ತೇನೆ ಅಂತ ಕೋಪ. ಲೈಸೆನ್ಸ್ ಬರೋವರೆಗೆ ಭಾನುವಾರ ಪರಿಚಯದವರ ಮನೆಯಲ್ಲಿ ಸಣ್ಣಪುಟ್ಟ ಕೆಲಸ ಮಾಡಬಹುದಾ?

---

ಅರ್ಜಿ_ಗೀತಕ್ಕ

ಮಾಲೀಕರೇ ಸಹಿ ಹಾಕಬೇಕು ಅಂತಿಲ್ಲ. ಜೊತೆ ಕೆಲಸ ಮಾಡಿದ ಜರ್ನಿಮನ್, ಫೋರ್‌ಮನ್, ಕೆಲಸ ನೋಡಿದ ಬಿಲ್ಡಿಂಗ್ ಇನ್‌ಸ್ಪೆಕ್ಟರ್, ಬೇರೆ ಕಾಂಟ್ರ್ಯಾಕ್ಟರ್ ಯಾರಾದರೂ ಆಗುತ್ತೆ. ಡಬ್ಲ್ಯೂ-2 ನಿಮ್ಮ ಕೈಯಲ್ಲೇ ಇದೆಯಲ್ಲ, ಅಲ್ಲಿ ದುಡಿದಿದ್ದೀರಿ ಅನ್ನೋದಕ್ಕೆ ಅದೇ ಸಾಕ್ಷಿ.

---

ಕಟ್ಟೆ_ಪಂಚಾಯ್ತಿ

ಭಾನುವಾರದ ಕೆಲಸ ಬೇಡ. 2025ರ ಜನವರಿಯಿಂದ ಲೈಸೆನ್ಸ್ ಇಲ್ಲದೆ ಮಾಡಬಹುದಾದ ಕೆಲಸದ ಮಿತಿ 500ರಿಂದ 1,000 ಡಾಲರಿಗೆ ಏರಿದ್ದು ನಿಜ. ಅದು ಸಾಮಾನು, ಕೂಲಿ ಎರಡೂ ಸೇರಿ. ಪರ್ಮಿಟ್ ಬೇಕಾದ ಕೆಲಸಕ್ಕೆ ಈ ವಿನಾಯಿತಿ ಅನ್ವಯಿಸಲ್ಲ, ಒಬ್ಬನನ್ನು ಕೂಲಿಗೆ ಕರೆದೊಯ್ದರೂ ಇಲ್ಲ. ಯೂನಿಟ್ ಬದಲಾಯಿಸೋದಕ್ಕೆ ಪರ್ಮಿಟ್ ಬೇಕೇ ಬೇಕು, ಹಾಗಾಗಿ ನಿಮ್ಮ ಟ್ರೇಡ್‌ನಲ್ಲಿ ಉಳಿಯೋದು ಕೆಪಾಸಿಟರ್ ಬದಲಾಯಿಸೋ ತರದ್ದು. ಮೀರಿ ಮಾಡಿದರೆ ಹಣಕ್ಕೆ ಕೋರ್ಟಿಗೆ ಹೋಗುವ ಹಕ್ಕು ನಿಮಗಿಲ್ಲ. ಅಷ್ಟೇ ಅಲ್ಲ, ಕೊಟ್ಟ ಹಣ ಪೂರ್ತಿ ವಾಪಸ್ ಕೇಳುವ ಹಕ್ಕು ಗ್ರಾಹಕರಿಗಿದೆ, ಕೆಲಸ ಚೊಕ್ಕವಾಗಿ ಆಗಿದ್ದರೂ! ಮೊದಲ ಸಲಕ್ಕೇ 6 ತಿಂಗಳವರೆಗೆ ಜೈಲು, 5,000 ಡಾಲರ್‌ವರೆಗೆ ದಂಡ ಬೀಳಬಹುದು.

ಇನ್ನೊಬ್ಬರ ಲೈಸೆನ್ಸ್ "ಬಾಡಿಗೆಗೆ" ಪಡೆಯುವ ಸಲಹೆಯೂ ಯಾರಾದರೂ ಕೊಟ್ಟಾರು. ನೌಕರನೊಬ್ಬನ ಅರ್ಹತೆಯ ಮೇಲೆ ಲೈಸೆನ್ಸ್ ಪಡೆದರೆ ಆತ ವಾರಕ್ಕೆ 32 ಗಂಟೆ ಅಥವಾ ವ್ಯವಹಾರ ನಡೆಯುವ ಸಮಯದ ಶೇ. 80, ಯಾವುದು ಕಡಿಮೆಯೋ ಅಷ್ಟು ನಿಜವಾಗಿ ಅಲ್ಲಿ ದುಡಿಯಬೇಕು. ಹೆಸರಿಗೆ ಮಾತ್ರ ಇದ್ದರೆ ಇಬ್ಬರೂ ಸಿಕ್ಕಿಬೀಳುತ್ತೀರಿ.

---

ಡ್ಯಾಲಸ್_ದಾವಣಗೆರೆ

ಟೆಕ್ಸಾಸ್‌ನವರು ಇದನ್ನು ಓದಿ ಹಾಗೇ ಅನುಸರಿಸಬೇಡಿ. ಇಲ್ಲಿ ಲೈಸೆನ್ಸ್ ಕೊಡೋದು ಟಿಡಿಎಲ್‌ಆರ್ ಅನ್ನೋ ರಾಜ್ಯದ ಇಲಾಖೆ. ಹಿಂದಿನ 72 ತಿಂಗಳಲ್ಲಿ 48 ತಿಂಗಳು, ಲೈಸೆನ್ಸ್ ಇರುವ ಕಾಂಟ್ರ್ಯಾಕ್ಟರ್ ಕೈಕೆಳಗೆ ಮಾಡಿದ ಅನುಭವ ಬೇಕು. ಕ್ಲಾಸ್ ಎ ಆದರೆ ಯಂತ್ರದ ಗಾತ್ರಕ್ಕೆ ಮಿತಿ ಇಲ್ಲ; ಕ್ಲಾಸ್ ಬಿ ಆದರೆ ತಂಪಿಗೆ 25 ಟನ್, ಬಿಸಿಗೆ ಗಂಟೆಗೆ 15 ಲಕ್ಷ ಬಿಟಿಯುವರೆಗೆ. ಮನೆ ಕೆಲಸಕ್ಕೆ ಬಿ ಧಾರಾಳ.

---

ಬೀಟಿಯು_ಬಸಣ್ಣ

ಲೈಸೆನ್ಸ್ ಕೈಗೆ ಬಂದ ಮೇಲಿನ ಮೊದಲ ಕೆಲಸದ ಬಗ್ಗೆ ಸ್ವಲ್ಪ, ಯಾಕಂದರೆ ಹೊಸಬರ ಲಾಭ ಅಲ್ಲೇ ಸೋರಿಹೋಗುತ್ತೆ. ಕೊಟೇಶನ್, ವ್ಯಾನ್, ವಿಸಿಟಿಂಗ್ ಕಾರ್ಡ್, ಜಾಹೀರಾತು ಎಲ್ಲದರ ಮೇಲೂ ಲೈಸೆನ್ಸ್ ನಂಬರ್ ಇರಬೇಕು. ಬೆಲೆ ಹೇಳುವಾಗಲೇ ಪರ್ಮಿಟ್ ಶುಲ್ಕ ಮತ್ತು ಎನರ್ಜಿ ಕೋಡ್‌ನ (ರಾಜ್ಯದ ಇಂಧನ ಉಳಿತಾಯದ ನಿಯಮ) ಪರೀಕ್ಷಕರ ಶುಲ್ಕ ಸೇರಿಸಿ. ಅದರ ಫಾರಂಗಳು ಮೂರು: ಸಿಎಫ್1ಆರ್ ಕೆಲಸಕ್ಕೆ ಮುಂಚೆ, ಸಿಎಫ್2ಆರ್ ನೀವು ತುಂಬೋದು, ಸಿಎಫ್3ಆರ್ ಹೊರಗಿನ ಪರೀಕ್ಷಕರದ್ದು. ಡಕ್ಟ್ ಪೂರ್ತಿ ಹೊಸದಾದರೆ ಸೋರಿಕೆ ಶೇ. 5 ದಾಟಬಾರದು: 3 ಟನ್ ಯಂತ್ರಕ್ಕೆ ಟನ್ನಿಗೆ 400ರಂತೆ 1,200 ಸಿಎಫ್‌ಎಂ, ಅಂದರೆ 25 ಪ್ಯಾಸ್ಕಲ್‌ನಲ್ಲಿ 60 ಸಿಎಫ್‌ಎಂ. ಬೂಟ್ (ಡಕ್ಟ್ ಕೋಣೆಗೆ ತೆರೆಯುವ ತಗಡಿನ ಪೆಟ್ಟಿಗೆ) ಮತ್ತು ಡ್ರೈವಾಲ್ (ಜಿಪ್ಸಮ್ ಹಲಗೆ) ನಡುವಿನ ಸಂದಿಗೆ ಮಾಸ್ಟಿಕ್ (ಸಂದಿ ಮುಚ್ಚುವ ಅಂಟು) ಹಾಕದಿದ್ದರೆ ಇಲ್ಲೇ ಫೇಲ್. ವಿದ್ಯುತ್ ಪ್ಯಾನಲ್ ದೊಡ್ಡದು ಮಾಡಬೇಕಾದ ಹೀಟ್ ಪಂಪ್ ಕೆಲಸ ಸಿಕ್ಕರೆ ಸಿ-10 ಎಲೆಕ್ಟ್ರಿಷಿಯನ್ ಹುಡುಕಿಟ್ಟುಕೊಳ್ಳಿ.

ಉಪಕರಣವೂ ಬದಲಾಗಿದೆ. ಮನೆ ಬಳಕೆಯ ಹೊಸ ಯಂತ್ರಗಳಿಗೆ 2025ರಿಂದ ಜಿಡಬ್ಲ್ಯೂಪಿ (ಗ್ಯಾಸ್ ಭೂಮಿಯನ್ನು ಎಷ್ಟು ಬಿಸಿ ಮಾಡುತ್ತೆ ಅನ್ನೋ ಅಂಕ) ಮಿತಿ 700, ಹಾಗಾಗಿ 2,088ರ ಆರ್-410ಎ ಹೋಗಿ ಆರ್-454ಬಿ ಮತ್ತು ಆರ್-32 ಬಂದಿವೆ. ಆರ್-32 ಬೆಂಗಳೂರಲ್ಲೇ ಕೈಗೆ ಹತ್ತಿರುತ್ತೆ. ಇಲ್ಲಿ ರಿಕವರಿ ಯಂತ್ರ, ಸಿಲಿಂಡರ್ ಎರಡೂ ಎ2ಎಲ್‌ಗೆ (ಸ್ವಲ್ಪ ಹೊತ್ತಿಕೊಳ್ಳಬಲ್ಲ ಇಂಥ ಗ್ಯಾಸಿನ ವರ್ಗ) ಒಪ್ಪಿತವಾದವೇ ಬೇಕು. ಕಾಯಿಲ್ ಹತ್ತಿರ ಸೋರಿಕೆ ಸೆನ್ಸರ್ ಇರುವ ಯಂತ್ರದಲ್ಲಿ ಥರ್ಮೋಸ್ಟಾಟ್ ತಂತಿ ಅದರ ಬೋರ್ಡ್ ಮೂಲಕವೇ ಹಾದುಹೋಗಬೇಕು. ಸೋರಿದರೆ ಅದು ಕಂಪ್ರೆಸರ್ ನಿಲ್ಲಿಸಿ ಬ್ಲೋವರ್ ಓಡಿಸುತ್ತೆ. ಅವಸರಕ್ಕೆ ಜಂಪರ್ ಹಾಕಿ ಹೋಗಬೇಡಿ. ಸಿಲಿಂಡರಿನ ಕೆಂಪು ಪಟ್ಟಿ ನೋಡಿ, ಅದರ ಮರೆ (ಥ್ರೆಡ್) ಎಡಕ್ಕೆ ತಿರುಗುತ್ತೆ. ಮಾಮೂಲಿ ಹೋಸನ್ನು ಬಲವಂತವಾಗಿ ತಿರುಗಿಸಿದರೆ ವಾಲ್ವಿನ ಹಿತ್ತಾಳೆ ಹಾಳಾಗುತ್ತೆ, ಎಡಮರೆ ಅಡಾಪ್ಟರ್ ಎರಡು ತಂದಿಟ್ಟುಕೊಳ್ಳಿ.