ನಿಫಾ ಭೀತಿ: ಓಣಂ ಮುಗಿಸಿ ಮರಳಿದ ವಿದ್ಯಾರ್ಥಿನಿಯರನ್ನು ಕೊಠಡಿ ಬಿಡಿಸಬೇಕೇ?

ಪ್ರಶ್ನೆ: ಮನೆ ಮಾಲೀಕರು, ವಿದ್ಯಾನಗರ, ದಾವಣಗೆರೆ (20 ಸೆಪ್ಟೆಂಬರ್ 2023)

ನಮ್ಮ ಮನೆಯ ಮಹಡಿಯಲ್ಲಿ ಕೇರಳದ ಮೂವರು ನರ್ಸಿಂಗ್ ವಿದ್ಯಾರ್ಥಿನಿಯರು ಬಾಡಿಗೆಗೆ ಇದ್ದಾರೆ. ಓಣಂ ಹಬ್ಬಕ್ಕೆಂದು ತ್ರಿಶೂರಿಗೆ ಹೋಗಿದ್ದ ಅವರು ಈ ತಿಂಗಳ ಮೊದಲ ವಾರದಲ್ಲಿ ಮರಳಿದರು. ಕೇರಳದ ಕೋಯಿಕ್ಕೋಡಿನಲ್ಲಿ ಬಾವಲಿಗಳಿಂದ ಬರುವ ನಿಫಾ ವೈರಾಣು ಸೋಂಕು ದೃಢಪಟ್ಟ ಸುದ್ದಿ 12ರಂದು ಬಂದ ಮೇಲೆ ಅಕ್ಕಪಕ್ಕದವರ ಮಾತಿನ ಧಾಟಿಯೇ ಬದಲಾಗಿದೆ. ಮೊನ್ನೆ ಗಣೇಶನ ಪೆಂಡಾಲಿಗೆ ಬಂದ ಹುಡುಗಿಯರನ್ನು ಕಂಡು ನೆರೆಯ ಇಬ್ಬರು ತಮ್ಮ ಮಕ್ಕಳನ್ನು ಕರೆದುಕೊಂಡು ಎದ್ದು ಹೋದರು. ಕೊಠಡಿ ಖಾಲಿ ಮಾಡಿಸಿ ಎಂದು ನನಗೆ ನೇರವಾಗಿಯೇ ಹೇಳಿದವರೂ ಇದ್ದಾರೆ. ರಸ್ತೆಯ ತುದಿಯ ಅರಳಿ ಮರದಲ್ಲಿ ಬಾವಲಿಗಳು ನೇತಾಡುತ್ತವೆಂಬ ಕಾರಣಕ್ಕೆ ಅದನ್ನು ಕಡಿಸಲು ಪಾಲಿಕೆಗೆ ಅರ್ಜಿಯೂ ಸಿದ್ಧವಾಗಿದ್ದು, ನನ್ನ ಸಹಿ ಕೇಳುತ್ತಿದ್ದಾರೆ. ಹುಡುಗಿಯರಿಗೆ ಜ್ವರವಿಲ್ಲ, ಕೆಮ್ಮಿಲ್ಲ. ನಾನೇನು ಮಾಡಬೇಕು?

ಉತ್ತರ 1: ನಿವೃತ್ತ ಆರೋಗ್ಯ ನಿರೀಕ್ಷಕ, ಚಿತ್ರದುರ್ಗ

ಮೇಡಂ, ಈ ರೋಗ ಊರಿನಿಂದ ಊರಿಗೆ ಗಾಳಿಯಲ್ಲಿ ತೇಲಿಕೊಂಡು ಬರುವಂಥದ್ದಲ್ಲ. ಸೋಂಕಿತರ ಜೊಲ್ಲು, ಕಫ, ರಕ್ತ, ಮೂತ್ರಗಳ ನಿಕಟ ಸಂಪರ್ಕ ಬಂದವರಿಗೆ, ಎಂದರೆ ಆರೈಕೆ ಮಾಡಿದ ಮನೆಯವರಿಗೆ ಮತ್ತು ಆಸ್ಪತ್ರೆಯಲ್ಲಿ ಹತ್ತಿರವಿದ್ದವರಿಗೆ, ಅದು ಹೆಚ್ಚಾಗಿ ಅಂಟುತ್ತದೆ. 2018ರಲ್ಲಿ ಇದೇ ಕೋಯಿಕ್ಕೋಡ್ ಭಾಗದಲ್ಲಿ 17 ಮಂದಿ ತೀರಿಕೊಂಡಾಗ, ಸೋಂಕಿತರಲ್ಲಿ ಬಹಳಷ್ಟು ಜನರಿಗೆ ಅದು ತಗುಲಿದ್ದು ಆಸ್ಪತ್ರೆಗಳ ಒಳಗೆ. ಸ್ಕ್ಯಾನಿಂಗ್ ಕೊಠಡಿಯ ಹೊರಗಿನ ಪಡಸಾಲೆಯಲ್ಲಿ ಕಾಯುತ್ತಿದ್ದವರೂ ಅವರಲ್ಲಿದ್ದರು. ಈ ಬಾರಿಯ ಆರು ಪ್ರಕರಣಗಳೂ ಮೊದಲ ರೋಗಿಯೊಬ್ಬರ ಸುತ್ತಲೇ ಸುತ್ತಿಕೊಂಡಿವೆ.

ಆದ್ದರಿಂದಲೇ ಅಲ್ಲಿನವರು ಇಡೀ ರಾಜ್ಯವನ್ನು ಮುಚ್ಚದೆ, ಪೀಡಿತ ಪಂಚಾಯಿತಿಗಳ ವಾರ್ಡ್‌ಗಳನ್ನು ಕಂಟೈನ್‌ಮೆಂಟ್ ವಲಯವೆಂದು ಘೋಷಿಸಿ, ಸಂಪರ್ಕಿತರ ಪಟ್ಟಿ ಮಾಡಿ, ಒಬ್ಬೊಬ್ಬರನ್ನೂ 21 ದಿನ ನಿಗಾದಲ್ಲಿ ಇಡುತ್ತಿದ್ದಾರೆ. ಆ ಪಟ್ಟಿ ಸಾವಿರವನ್ನು ದಾಟಿದೆ. ಕೇಳಲು ಸಪ್ಪೆ ಎನಿಸುವ ಈ ಗುಮಾಸ್ತಿಕೆಯೇ 2018ರಲ್ಲೂ ರೋಗವನ್ನು ಕಟ್ಟಿಹಾಕಿತು. ತ್ರಿಶೂರು ಅಲ್ಲಿಂದ ನೂರು ಕಿಲೋಮೀಟರಿಗಿಂತ ದೂರವಿದೆ. ರೋಗಿಯನ್ನಾಗಲಿ, ಆ ಆಸ್ಪತ್ರೆಗಳನ್ನಾಗಲಿ ಕಾಣದ ಹುಡುಗಿಯರನ್ನು ಹೊರಹಾಕುವುದಕ್ಕೆ ವೈದ್ಯಕೀಯವಾದ ಯಾವ ಕಾರಣವೂ ಇಲ್ಲ.

ಉತ್ತರ 2: ಶುಶ್ರೂಷಕಿ, ದಾವಣಗೆರೆ

ಅಕ್ಕಾ, ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಜನರ ಭಯ ಬರೀ ಪೊಳ್ಳೆಂದು ತಳ್ಳಿಹಾಕಲಾರೆ. ಸೋಂಕಿತರಲ್ಲಿ ಶೇ. 40ರಿಂದ 75ರಷ್ಟು ಜನ ಸಾಯುವ, ಲಸಿಕೆಯಾಗಲಿ ನಿರ್ದಿಷ್ಟ ಔಷಧಿಯಾಗಲಿ ಇಲ್ಲದ ರೋಗವಿದು. 2018ರಲ್ಲಿ ಪೇರಾಂಬ್ರದ ಆಸ್ಪತ್ರೆಯಲ್ಲಿ ರೋಗಿಯ ಆರೈಕೆ ಮಾಡಿದ ಶುಶ್ರೂಷಕಿ ಲಿನಿ ತಾವೇ ಬಲಿಯಾದದ್ದು ನಮ್ಮ ವೃತ್ತಿಯವರಿಗೆ ಮರೆಯುವಂಥದ್ದಲ್ಲ.

ನನ್ನ ಆತಂಕ ಬೇರೆ ಕಡೆಯದು. ಈ ಸಲದ ಮೊದಲ ರೋಗಿ ಆಗಸ್ಟ್ 30ರಂದು ತೀರಿಕೊಂಡಾಗ ಅದು ನಿಫಾ ಎಂದು ಯಾರಿಗೂ ಗೊತ್ತಿರಲಿಲ್ಲ. ಅವರ ಮನೆಯವರೇ ಹಾಸಿಗೆ ಹಿಡಿದ ಮೇಲೆ ವೈದ್ಯರಿಗೆ ಅನುಮಾನ ಬಂತು, ಮಾದರಿಗಳು ಪುಣೆಯ ವೈರಾಣು ಸಂಸ್ಥೆಗೆ ಹೋದವು. ಆರಂಭದ ಜ್ವರ, ತಲೆನೋವು, ವಾಂತಿ ಯಾವ ಸಾಮಾನ್ಯ ಜ್ವರದಲ್ಲೂ ಬರುವಂಥವು. ಹೀಗಿರುವಾಗ ವೈದ್ಯರಿಗೆ ಸುಳಿವು ಸಿಗುವುದು ‘ನಾನು ಇಂಥ ಕಡೆಯಿಂದ ಬಂದೆ, ಇಂಥವರ ಜೊತೆ ಇದ್ದೆ’ ಎಂದು ರೋಗಿ ಬಾಯಿಬಿಟ್ಟು ಹೇಳಿದಾಗ ಮಾತ್ರ. ಇಂದು ನೀವು ಈ ಮೂವರನ್ನು ಬೀದಿಗೆ ಕಳುಹಿಸಿದರೆ, ಮುಂದೆ ನಿಜವಾಗಿಯೂ ಪೀಡಿತ ಊರಿನಿಂದ ಬಂದ ನಾಲ್ಕನೆಯವಳು ಜ್ವರವನ್ನೂ ಊರಿನ ಹೆಸರನ್ನೂ ಮುಚ್ಚಿಟ್ಟು, ಮಾತ್ರೆ ನುಂಗಿ ವಾರ್ಡಿನ ಕೆಲಸಕ್ಕೆ ಹೋಗುತ್ತಾಳೆ. 2020ರಲ್ಲಿ ಕೊರೊನಾ ಬಂದು ಇಲ್ಲಿನ ಜಾಲಿನಗರ, ಬಾಷಾನಗರಗಳ ರಸ್ತೆಗಳು ಸೀಲ್‌ಡೌನ್ ಆದಾಗ, ಹೆಸರು ಹೊರಬೀಳುವ ಭಯಕ್ಕೆ ಪರೀಕ್ಷೆಯಿಂದ ತಪ್ಪಿಸಿಕೊಂಡವರು ಎಷ್ಟು ಮಂದಿ ಎಂಬುದನ್ನು ನಮ್ಮ ಊರಿನವರಿಗೆ ನಾನು ನೆನಪಿಸಬೇಕಿಲ್ಲ.

ಉತ್ತರ 3: ತೋಟಗಾರ, ಹಿರಿಯೂರು

ಅರಳಿ ಮರದ ಅರ್ಜಿಗೆ ದಯವಿಟ್ಟು ಸಹಿ ಹಾಕಬೇಡಿ. ಹಣ್ಣು ತಿನ್ನುವ ದೊಡ್ಡ ಬಾವಲಿಗಳಲ್ಲಿ ಈ ವೈರಾಣು ಇರುವುದು ನಿಜವಾದರೂ, ಮರ ಕಡಿದರೆ ಅವು ಸಾಯುವುದಿಲ್ಲ, ಚದುರಿ ಇನ್ನೊಬ್ಬರ ಮನೆಯ ಹಿತ್ತಲಿಗೆ ಹೋಗುತ್ತವೆ. 2018ರಲ್ಲಿ ಕೇರಳದ ಬಾವಿಯೊಂದರಿಂದ ಹಿಡಿದ ಬಾವಲಿಗಳ ಮೇಲೆ ಎಲ್ಲರೂ ಬೆರಳು ತೋರಿಸಿದರು. ಅವು ಹುಳು ತಿನ್ನುವ ಜಾತಿಯವಾಗಿದ್ದು, ಪರೀಕ್ಷೆಯಲ್ಲಿ ವೈರಾಣು ಸಿಗಲಿಲ್ಲ. ಕಚ್ಚಿದ ಗುರುತಿರುವ ಪೇರಲ, ಪಪ್ಪಾಯಿಗಳನ್ನು ತಿನ್ನದೆ ಹೂಳಿ, ಉಳಿದ ಹಣ್ಣನ್ನು ತೊಳೆದು ಸಿಪ್ಪೆ ತೆಗೆದು ತಿನ್ನಿ. ನಾವು ತೋಟದಲ್ಲಿ ಮಾಡುವುದೂ ಅಷ್ಟೇ. ಅಂದಹಾಗೆ, ನ್ಯಾಮತಿ ಕಡೆಯವರು ಇದನ್ನು ಮಂಗನ ಕಾಯಿಲೆಯೊಂದಿಗೆ ಬೆರೆಸಿ ಮಾತಾಡುವುದನ್ನು ಕೇಳಿದ್ದೇನೆ. ಮಂಗನ ಕಾಯಿಲೆ ಉಣ್ಣೆ ಹುಳು ಕಚ್ಚುವುದರಿಂದ ಬರುತ್ತದೆ, ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಎರಡಕ್ಕೂ ಎಚ್ಚರಿಕೆಯ ಕ್ರಮ ಬೇರೆ ಬೇರೆ.

ಪ್ರಶ್ನೆ ಕೇಳಿದವರು

ಅರ್ಜಿ ವಾಪಸು ಕೊಟ್ಟಿದ್ದೇನೆ. ಹುಡುಗಿಯರ ವಿಷಯವನ್ನು ಯಾರಿಗಾದರೂ ತಿಳಿಸುವ ಹೊಣೆ ನನ್ನ ಮೇಲಿದೆಯೇ?

ಉತ್ತರ 2ರ ಶುಶ್ರೂಷಕಿ

ಈಗ ಇಲ್ಲ ಅಕ್ಕಾ. ಅವರು ಊರಿಗೆ ಹೋಗಿ ಬಂದದ್ದನ್ನು ತಮ್ಮ ಕಾಲೇಜಿಗೆ ತಾವೇ ತಿಳಿಸಿದ್ದರೆ ಸಾಕು. ಆಸ್ಪತ್ರೆಯ ಪಾಳಿಗೆ ಹೋಗುವವರಾದ್ದರಿಂದ ಅದು ಅಗತ್ಯ. ಯಾರಿಗಾದರೂ ಜ್ವರ ಬಂದರೆ ಪ್ರತ್ಯೇಕ ಕೊಠಡಿ ಕೊಟ್ಟು, ಮಾಸ್ಕ್ ಹಾಕಿಸಿ, ಆಸ್ಪತ್ರೆಗೆ ಹೊರಡುವ ಮೊದಲೇ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ ಕೇರಳ ಪ್ರವಾಸದ ವಿಷಯ ಹೇಳಿ.