ಸ್ಕ್ಯಾನಿಂಗ್ ಸರಿಯಿದೆ ಎಂದರು, ತಂಗಿಯ ನೋವು ಹೋಗಿಲ್ಲ: ಮುಂದೇನು ಮಾಡಲಿ?

ಕೇಳಿದವರು (ದಾವಣಗೆರೆ): ನನ್ನ ತಂಗಿಗೆ 23 ವರ್ಷ. ಮುಟ್ಟಾದರೆ ಹಾಸಿಗೆಯಿಂದ ಏಳಲಾರಳು, ವಾಂತಿ ಬೇರೆ. ಈಚೆಗೆ ಉಳಿದ ದಿನಗಳಲ್ಲೂ ಕೆಳಹೊಟ್ಟೆ ನೋಯುತ್ತದೆ. ಡಾಕ್ಟರು ಸ್ಕ್ಯಾನಿಂಗ್ ನೋಡಿ, "ಎಲ್ಲ ಹೆಣ್ಣುಮಕ್ಕಳಿಗೂ ಇರುವುದೇ, ಮದುವೆಯಾದರೆ ಸರಿಹೋಗುತ್ತದೆ" ಎಂದು ಕಳುಹಿಸಿದರು. ಈಗ ಅವಳು ಆಸ್ಪತ್ರೆಯೇ ಬೇಡ ಎನ್ನುತ್ತಿದ್ದಾಳೆ. ಇಂಥದ್ದನ್ನು ದಾಟಿ ಬಂದವರು ದಯವಿಟ್ಟು ಹೇಳಿ.

ಶಿವಮೊಗ್ಗದಿಂದ: ತಂಗಿಯ ನೋವನ್ನು ನೀವಾದರೂ ನಂಬಿದ್ದೀರಲ್ಲ, ಅದೇ ದೊಡ್ಡದು. "ಒಂದು ಮಗುವಾಗಲಿ, ತಾನಾಗಿಯೇ ಹೋಗುತ್ತದೆ" ಎಂದು ಡಾಕ್ಟರೂ ಹೇಳಿದರು, ಅತ್ತೆಯೂ ಹೇಳಿದರು. ಮಗುವಾಯಿತು, ನೋವು ಹೋಗಲಿಲ್ಲ. ನನಗಿದ್ದದ್ದು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಗರ್ಭಕೋಶದ ಹೊರಗೆ, ಅಂಡಾಶಯ ಮತ್ತು ಕರುಳಿನ ಸುತ್ತಮುತ್ತ ಬೆಳೆಯುವ ಕಾಯಿಲೆ ಅದು. ಅಪರೂಪದ್ದೇನಲ್ಲ. ಹೆರುವ ವಯಸ್ಸಿನವರಲ್ಲಿ ನೂರಕ್ಕೆ ಸುಮಾರು 10 ಮಂದಿಗೆ ಇರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೂ ಪತ್ತೆಯಾಗಲು ವರ್ಷಗಟ್ಟಲೆ ಹಿಡಿಯುವುದು ಮಾಮೂಲಾಗಿಬಿಟ್ಟಿದೆ. ನನ್ನ ಸಿಟ್ಟೆಲ್ಲ ಅದರ ಮೇಲೆಯೇ.

ಸ್ಕ್ಯಾನಿಂಗ್ ಬಗ್ಗೆ ಒಂದು ಮಾತು. ಮದುವೆಯಾಗದ ಹುಡುಗಿಯರಿಗೆ ಸಾಮಾನ್ಯವಾಗಿ ನೀರು ಕುಡಿಸಿ ಹೊಟ್ಟೆಯ ಮೇಲಿನಿಂದ ಸ್ಕ್ಯಾನ್ ಮಾಡುತ್ತಾರೆ. ಅಂಡಾಶಯದಲ್ಲಿ ಚಾಕೊಲೇಟ್ ಸಿಸ್ಟ್ (ಈ ಕಾಯಿಲೆಯಿಂದ ಹಳೆಯ ರಕ್ತ ತುಂಬಿಕೊಂಡ ಗಂಟು) ಇದ್ದರೆ ಅದರಲ್ಲಿ ಕಾಣಬಹುದು. ಹೊಟ್ಟೆಯೊಳಗಿನ ಪೊರೆಯ ಮೇಲೆ ಅಂಟಿಕೊಂಡ ಸಣ್ಣ ಕಲೆಗಳು ಕಾಣುವುದಿಲ್ಲ. ವರದಿ ಸರಿಯಿದೆ ಎಂದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದು ಅರ್ಥವಲ್ಲ.

ಬೇರೆ ಡಾಕ್ಟರರ ಬಳಿಗೆ ಹೋಗುವ ಮೊದಲು ನಾನು ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಬರೆದಿಟ್ಟೆ: ಯಾವ ದಿನ ನೋವು, ಯಾವ ಮಾತ್ರೆ ನುಂಗಿದೆ, ಆ ದಿನ ಏನು ಮಾಡಲಾಗಲಿಲ್ಲ. "ಕೆಲಸಕ್ಕೆ ರಜೆ", "ನಿಂತು ಅಡುಗೆ ಮಾಡಲಾಗಲಿಲ್ಲ", ಹೀಗೆ. ಆ ಡಾಕ್ಟರಮ್ಮ ಓದುತ್ತ ಹೋಗಿ ಒಂದು ಸಾಲಿನ ಮೇಲೆ ಪೆನ್ನಿಟ್ಟು ನಿಲ್ಲಿಸಿದರು: "ಮುಟ್ಟಿನ ದಿನಗಳಲ್ಲಿ ಮಾತ್ರ ಮಲವಿಸರ್ಜನೆಗೆ ಕುಳಿತರೆ ತಡೆಯಲಾರದ ನೋವು." ಅದುವರೆಗೆ ಯಾರೂ ನನ್ನನ್ನು ಅದನ್ನು ಕೇಳಿರಲಿಲ್ಲ. ತಂಗಿಯನ್ನು ಮೊದಲು ನೀವೇ ಕೇಳಿ ನೋಡಿ. ಲ್ಯಾಪರೊಸ್ಕೋಪಿ, ಅಂದರೆ ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಇಳಿಸಿ ನೋಡುವ ಆಪರೇಷನ್, ಮಾಡಿಯೇ ಖಚಿತಪಡಿಸಬೇಕೆಂಬ ಹಳೆಯ ಪಟ್ಟು ಈಗಿಲ್ಲ. ಲಕ್ಷಣ ನೋಡಿ ಹಾರ್ಮೋನ್ ಮಾತ್ರೆ ಶುರುಮಾಡಬಹುದು ಎಂದು ಯುರೋಪಿನ ತಜ್ಞರ 2022ರ ಮಾರ್ಗಸೂಚಿಯೂ ಹೇಳುತ್ತದೆ. ಆಪರೇಷನ್ನಿನ ಹೆದರಿಕೆಗೆ ಅವಳು ಹಿಂಜರಿಯುತ್ತಿದ್ದರೆ ಇದನ್ನು ತಿಳಿಸಿ.

ಹುಬ್ಬಳ್ಳಿಯಿಂದ: ನಾನು ನರ್ಸ್. ಹೊಸ ಡಾಕ್ಟರರ ಮುಂದೆ ಹಿಂದಿನವರ ಮೇಲಿನ ದೂರಿನಿಂದ ಮಾತು ಶುರುಮಾಡಬೇಡಿ, ಸಿಗುವ ಐದು ನಿಮಿಷ ಅದರಲ್ಲೇ ಕಳೆದುಹೋಗುತ್ತದೆ. "ಇದು ಎಂಡೊಮೆಟ್ರಿಯೋಸಿಸ್ ಇರಬಹುದೇ? ಅಲ್ಲವೆಂದರೆ ಯಾವ ಆಧಾರದಿಂದ?" ಎಂದು ನೇರವಾಗಿ ಕೇಳಿ. ಹಳೆಯ ವರದಿ, ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿಕೊಂಡು ಹೋಗಿ. ಎಲ್ಲಾದರೂ ಒಳರೋಗಿಯಾಗಿ ದಾಖಲಾಗಿದ್ದರೆ, ದಾಖಲೆಯ ಪ್ರತಿಯನ್ನು ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಲ್ಲಿದೆ. ಎರಡನೆಯ ಅಭಿಪ್ರಾಯ ಕೇಳುವುದು ಯಾರಿಗೂ ಮಾಡುವ ಅವಮಾನವಲ್ಲ.

ಮಂಗಳೂರಿನಿಂದ: ಒಂದೇ ಕಾಯಿಲೆಯ ಹೆಸರನ್ನು ಹಿಡಿದುಕೊಂಡು ಹೋಗಬೇಡಿ ಎನ್ನುತ್ತೇನೆ. ನನ್ನ ಮಗಳಿಗೂ ಹೆಚ್ಚುಕಡಿಮೆ ಹೀಗೇ ಇತ್ತು, ಕೊನೆಗೆ ಕಾರಣ ಸಿಕ್ಕಿದ್ದು ಕರುಳಿನಲ್ಲಿ. ಪತ್ತೆ ಮಾಡಿದವರು ಹೊಟ್ಟೆ ಮತ್ತು ಕರುಳಿನ ತಜ್ಞರು. ಇನ್ನೊಂದು ವಿಷಯ: ಡಾಕ್ಟರು ಕೇಳಿದ್ದಕ್ಕೆ ಅಕ್ಕನೋ ಅಮ್ಮನೋ ಉತ್ತರ ಕೊಡುವುದು ಬೇಡ. ನಾನು ಸ್ವಲ್ಪ ಹೊತ್ತು ಹೊರಗಿನ ಬೆಂಚಿನ ಮೇಲೆ ಕುಳಿತೆ. ನನ್ನೆದುರು ಬಾಯಿಬಿಡದ ಎಷ್ಟೋ ಸಂಗತಿಗಳನ್ನು ಮಗಳು ಒಳಗೆ ಹೇಳಿದಳು. ಆದರೆ ಡಾಕ್ಟರು ಅವಳ ಮಾತನ್ನು ಅರ್ಧಕ್ಕೇ ತಡೆದರೆ, "ಅವಳು ಇನ್ನೂ ಮುಗಿಸಿಲ್ಲ ಸಾರ್" ಎನ್ನಲು ಪಕ್ಕದಲ್ಲಿ ಒಬ್ಬರು ಬೇಕೇ ಬೇಕು. ಯಾವಾಗ ಹೊರಗಿರಬೇಕು, ಯಾವಾಗ ಒಳಗಿರಬೇಕು ಎಂಬುದನ್ನು ಅವಳನ್ನೇ ಕೇಳಿ.

ಹುಬ್ಬಳ್ಳಿಯಿಂದ, ಮತ್ತೆ: ಹೇಳಲೇಬೇಕಾದ ಒಂದು ಮಾತು ಉಳಿಯಿತು. ಇದ್ದಕ್ಕಿದ್ದಂತೆ ಕೆಳಹೊಟ್ಟೆಯ ಒಂದೇ ಪಕ್ಕದಲ್ಲಿ ಸಹಿಸಲಾಗದ ನೋವು ಬಂದು ವಾಂತಿಯೂ ಆದರೆ, ಅಥವಾ ತಲೆಸುತ್ತಿ ಬಿದ್ದರೆ, ಯಾವ ಅಪಾಯಿಂಟ್‌ಮೆಂಟಿಗೂ ಕಾಯಬೇಡಿ. ಅಂಡಾಶಯ ತಿರುಚಿಕೊಂಡಿರಬಹುದು. ರಾತ್ರಿಯಾಗಿದ್ದರೂ ಸರಿ, ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದುಕೊಂಡು ಹೋಗಿ.